ಬಾಯಲ್ಲುಳಿದ ಹದಿನೆಂಟನೇ ಶತಮಾನ

ಚೀಕಲಪರ್ವಿಯ ವಿಜಯದಾಸರು ಹುಟ್ಟಿದ್ದು 1682ರಲ್ಲಿ. ಅದಾಗಿ ಮೂರು ವರ್ಷಕ್ಕೆ, 1685ರಲ್ಲಿ, ಜರ್ಮನಿಯ ಎರಡು ಊರುಗಳಲ್ಲಿ ಸಂಗೀತಕಾರರಾದ ಬಾಖ್ ಮತ್ತು ಹ್ಯಾಂಡಲ್ ಹುಟ್ಟಿದರು. ಬಾಖ್ 1750ರಲ್ಲಿ ತೀರಿಕೊಂಡರೆ ವಿಜಯದಾಸರು 1755ರಲ್ಲಿ ಹರಿಪಾದ ಸೇರಿದರು, ಹ್ಯಾಂಡಲ್ 1759ರವರೆಗೆ ಬದುಕಿದ್ದ. ಮೂವರೂ ಒಂದೇ ಕಾಲದವರು, ಆದರೆ ದಾಸರ ಹೆಸರು ಆ ಇಬ್ಬರ ಕಿವಿಗಾಗಲಿ, ಅವರ ಹೆಸರು ದಾಸರ ಕಿವಿಗಾಗಲಿ ಬಿದ್ದಿರಲು ಸಾಧ್ಯವೇ ಇಲ್ಲ. 1600ರಿಂದ 1750ರವರೆಗಿನ ತಮ್ಮ ಸಂಗೀತವನ್ನು ಯುರೋಪಿನವರು ಬರೋಕ್ ಎನ್ನುತ್ತಾರೆ. ಆ ಒಂದೂವರೆ ಶತಮಾನದ ಹಾಡನ್ನಷ್ಟೇ ಹಾಡಿ ಹೊಟ್ಟೆ ಹೊರೆದ, ಹೆಸರು ಮಾಡಿದ, ಸರ್ಕಾರದ ಬಿರುದು ಪಡೆದ ಗಾಯಕರು ಅಲ್ಲಿ ಸಾಕಷ್ಟು ಮಂದಿ. ಅದೇ ಕಾಲದಲ್ಲಿ ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲದಲ್ಲಿ ಹುಟ್ಟಿದ ಹಾಡನ್ನಷ್ಟೇ ನೆಚ್ಚಿಕೊಂಡು ಬದುಕು ಕಟ್ಟಿಕೊಂಡವರು ಎಷ್ಟು ಜನ?

1956ರ ನವೆಂಬರ್ 1ರಂದು ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯದಿಂದ ಕನ್ನಡದ ಆಡಳಿತಕ್ಕೆ ಬಂತು. ಅದರ ಎಪ್ಪತ್ತನೇ ವರ್ಷದ ಹೊಸ್ತಿಲಲ್ಲಿ ನಿಂತು ನೀರಾವರಿ ಎಷ್ಟಾಯಿತು, ಹೆದ್ದಾರಿ ಎಲ್ಲಿಗೆ ಬಂತು, ಸಂವಿಧಾನದ 371(ಜೆ) ಕಲಮಿನಿಂದ ಯಾರಿಗೆ ಸೀಟು ಸಿಕ್ಕಿತು ಎಂಬ ಲೆಕ್ಕವನ್ನು ಎಲ್ಲರೂ ಹಾಕುತ್ತಾರೆ, ಹಾಕಲೇಬೇಕು. ಹಾಡಿನ ಲೆಕ್ಕ ಹಾಕುವವರು ಮಾತ್ರ ಕಾಣುವುದಿಲ್ಲ. ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳನ್ನು ನಡುವಿಟ್ಟುಕೊಂಡು, ಸುತ್ತಲ ಊರುಗಳನ್ನೂ ಸೇರಿಸಿಕೊಂಡು, ಆ ಲೆಕ್ಕವನ್ನು ಇಲ್ಲಿ ತೆರೆಯುತ್ತಿದ್ದೇವೆ.

ಮೊದಲು ಇರುವ ಆಸ್ತಿ ನೋಡೋಣ. ಮಾನ್ವಿಯ ಕಡೆ ಚೀಕಲಪರ್ವಿ ವಿಜಯದಾಸರದು. ದೇವದುರ್ಗದ ಕಡೆ ಮೊಸರಕಲ್ಲು ಅವರ ಶಿಷ್ಯ ಗೋಪಾಲದಾಸರದು. ಬ್ಯಾಗವಾಟದಲ್ಲಿ 1728ರಲ್ಲಿ ಹುಟ್ಟಿ ಮಾನ್ವಿಯಲ್ಲಿ ನೆಲೆಸಿ, 32 ಸಂಧಿಗಳ ಹರಿಕಥಾಮೃತಸಾರವನ್ನು ಭಾಮಿನಿ ಷಟ್ಪದಿಯಲ್ಲಿ ಕಟ್ಟಿಕೊಟ್ಟವರು ಜಗನ್ನಾಥದಾಸರು. ಅವರಿಂದ ಅಂಕಿತ ಪಡೆದ ಪ್ರಾಣೇಶದಾಸರು ನಮ್ಮ ಕಸಬಾ ಲಿಂಗಸುಗೂರಿನವರೇ. ಸಿಂಧನೂರು ತಾಲ್ಲೂಕಿನ ಅಂಬಾಮಠದ ಸಿದ್ಧಪರ್ವತಕ್ಕೆ ಹೋದರೆ ಚಿದಾನಂದಾವಧೂತರ ನೆನಪು ಎದುರಾಗುತ್ತದೆ. ಜ್ಞಾನಸಿಂಧು ಅವರದು. ನವರಾತ್ರಿಯ ಒಂಬತ್ತು ದಿನ ಉತ್ತರ ಕರ್ನಾಟಕದ ಊರೂರಿನಲ್ಲಿ ಓದುವ ದೇವೀಪುರಾಣವೂ ಅವರದೇ. ಮುದಗಲ್ಲಿನಲ್ಲಿ ಮೊಹರಮ್ಮಿನ ಅಲಾಯಿ ಪದಗಳಿವೆ. ಹಾಡುವವರಲ್ಲಿ ಹಿಂದೂ ಯಾರು, ಮುಸ್ಲಿಂ ಯಾರು ಎಂದು ವಿಂಗಡಿಸಹೊರಟರೆ ಊರವರೇ ನಗುತ್ತಾರೆ. ಅದೇ ಮುದಗಲ್ಲಿನಲ್ಲಿ, ತನ್ನ ಮೂಲವನ್ನು 16ನೇ ಶತಮಾನದ ಪಾದ್ರಿಗಳವರೆಗೆ ಒಯ್ಯುವ ಕ್ಯಾಥೊಲಿಕ್ ಸಮುದಾಯವೂ ಇದೆ. ಬರೋಕ್ ಕಾಲದ ಯುರೋಪಿನ ಗಾಳಿ ಈ ಕಡೆ ಸುಳಿದಿದ್ದರೆ ಅದು ಆ ಬಾಗಿಲಿನಿಂದಲೇ.

ಇಷ್ಟು ಆಸ್ತಿ ಒಂದು ಯುರೋಪಿಯನ್ ಜಿಲ್ಲೆಯಲ್ಲಿದ್ದಿದ್ದರೆ ಅಲ್ಲಿ ವರ್ಷಕ್ಕೊಂದು ಉತ್ಸವ, ಒಂದು ಶಾಲೆ, ಒಂದು ಗ್ರಂಥಾಲಯ ಇರುತ್ತಿತ್ತು ಎಂದು ಹೇಳಿಬಿಡುವುದು ಸುಲಭ. ಆದರೆ ಅಲ್ಲಿ ಅದೆಲ್ಲ ಮೊದಲಿನಿಂದ ಇದ್ದದ್ದಲ್ಲ, ಅಲ್ಲಿಯೂ ಆ ಹಾಡು ಒಮ್ಮೆ ಬಹುಪಾಲು ಸತ್ತೇ ಹೋಗಿತ್ತು. ಬಾಖ್‌ನ ಮ್ಯಾಥ್ಯೂ ಪ್ಯಾಶನ್ ಎಂಬ ದೊಡ್ಡ ಕೃತಿ ಅವನು ಸತ್ತಮೇಲೆ ಮೂಲೆ ಸೇರಿತ್ತು. 1829ರಲ್ಲಿ ಇಪ್ಪತ್ತು ವರ್ಷದ ಸಂಗೀತಕಾರ ಮೆಂಡೆಲ್ಸನ್ ಬರ್ಲಿನ್ನಿನಲ್ಲಿ ಅದನ್ನು ಮತ್ತೆ ಹಾಡಿಸುವ ಹೊತ್ತಿಗೆ ಅದನ್ನು ಕೇಳಿ ಬಲ್ಲವರು ಹೆಚ್ಚುಕಡಿಮೆ ಉಳಿದಿರಲಿಲ್ಲ, ಉಳಿದದ್ದು ಕಾಗದ. 1850ರಲ್ಲಿ ಬಾಖ್ ಸೊಸೈಟಿ ಹುಟ್ಟಿ, ಅವನ ಕೃತಿಗಳನ್ನೆಲ್ಲ ಸ್ವರಸಮೇತ ಅಚ್ಚು ಹಾಕಲು ಅರ್ಧ ಶತಮಾನ ತೆಗೆದುಕೊಂಡಿತು. ಇಂಗ್ಲೆಂಡಿನಲ್ಲಿ 1876ರಲ್ಲಿ ಅಲ್ಲಿಯದೇ ಬರೋಕ್ ಸಂಗೀತಕಾರ ಪರ್ಸೆಲ್‌ನ ಕೃತಿಗಳಿಗಾಗಿ ಇನ್ನೊಂದು ಸೊಸೈಟಿ ಹುಟ್ಟಿತು. ಹಾಡುವವರು ಬಂದದ್ದು ಆಮೇಲೆ, ಬಹಳ ಆಮೇಲೆ.

ಆಲ್ಫ್ರೆಡ್ ಡೆಲ್ಲರ್‌ನ ಕತೆ ನಮ್ಮ ಕಡೆಯವರು ತಿಳಿಯಬೇಕಾದ್ದು. 1912ರಲ್ಲಿ ಹುಟ್ಟಿದ ಈತ ಸಂಗೀತ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಪೀಠೋಪಕರಣದ ಅಂಗಡಿಯಲ್ಲಿ ಕೆಲಸ ಮಾಡಿಕೊಂಡು ಚರ್ಚಿನಲ್ಲಿ ಹಾಡುತ್ತಿದ್ದ. ಗಂಡಸಾದರೂ ಹೆಣ್ಣಿನ ಎತ್ತರದಲ್ಲಿ ಹಾಡುವ ಅವನ ಕಂಠಕ್ಕೆ ಆಗಿನ ಕಛೇರಿಗಳಲ್ಲಿ ಜಾಗವೇ ಇರಲಿಲ್ಲ, ಆ ಬಗೆಯ ದನಿ ಚರ್ಚಿನ ಗೋಡೆಯಾಚೆ ಎಂದೋ ಬಳಕೆ ತಪ್ಪಿತ್ತು. ಕ್ಯಾಂಟರ್ಬರಿಯ ಚರ್ಚಿನಲ್ಲಿ ಹಾಡುತ್ತಿದ್ದವನನ್ನು ಸಂಗೀತಕಾರ ಮೈಕೆಲ್ ಟಿಪೆಟ್ ಕೇಳಿ ಲಂಡನ್ನಿಗೆ ಕರೆತಂದ. 1946ರಲ್ಲಿ ಬಿಬಿಸಿ ತನ್ನ ಮೂರನೆಯ ವಾಹಿನಿ ಶುರುಮಾಡಿದ ಮೊದಲ ರಾತ್ರಿಯೇ ಡೆಲ್ಲರ್ ಪರ್ಸೆಲ್‌ನನ್ನು ಹಾಡಿದ. ಎರಡು ವರ್ಷದಲ್ಲಿ ತನ್ನದೇ ಮೇಳ ಕಟ್ಟಿದ. ಬ್ರಿಟನ್ ಎಂಬ ದೊಡ್ಡ ಸಂಗೀತಕಾರ 1960ರಲ್ಲಿ ಇವನ ಕಂಠಕ್ಕೆಂದೇ ಒಂದು ಪಾತ್ರ ಬರೆದ. ಮುಂದಿನ ತಲೆಮಾರಿನ ಎಮ್ಮಾ ಕರ್ಕ್‌ಬಿಯದೂ ಇಂಥದೇ ದಾರಿ. ಆಕ್ಸ್‌ಫರ್ಡಿನಲ್ಲಿ ಗ್ರೀಕ್, ಲ್ಯಾಟಿನ್ ಓದಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಹೆಣ್ಣುಮಗಳು, ಬಿಡುವಿನಲ್ಲಿ ಹಾಡುತ್ತಿದ್ದವಳು, ಕೊನೆಗೆ ಬರೋಕ್ ಹಾಡಿನ ಹೆಸರಾಂತ ದನಿಯಾದಳು. 2007ರಲ್ಲಿ ಬ್ರಿಟಿಷ್ ಸರ್ಕಾರ ಡೇಮ್ ಬಿರುದು ಕೊಟ್ಟಿತು. ನಮ್ಮ ದೇಶದವರೂ ಆ ಹಾದಿ ತುಳಿದಿದ್ದಾರೆ. ಮುಂಬೈಯಲ್ಲಿ ಹುಟ್ಟಿದ ಗೋವಾ ಮೂಲದ ಪೆಟ್ರಿಷಿಯಾ ರೊಜಾರಿಯೊ ಲಂಡನ್ನಿನಲ್ಲಿ ಕಲಿತು, ಹ್ಯಾಂಡಲ್, ಮಾಂಟೆವರ್ಡಿಯನ್ನು ಹಾಡಿ, ಈಗ ಭಾರತಕ್ಕೂ ಬಂದು ಮಕ್ಕಳಿಗೆ ಕಂಠ ತಿದ್ದುತ್ತಾರೆ.

ಅಂಗಡಿ ಕೆಲಸದವನೂ ಶಾಲೆಯ ಟೀಚರೂ ಈ ಮಟ್ಟಕ್ಕೆ ಬಂದದ್ದು ಅವರ ಪ್ರತಿಭೆಯಿಂದ ಮಾತ್ರ ಅಲ್ಲ. ಡೆಲ್ಲರ್ ಬಾಯಿ ತೆರೆಯುವ ಮೊದಲೇ ಪರ್ಸೆಲ್‌ನ ಸ್ವರಲಿಪಿ ಅಚ್ಚಾಗಿ ಎಷ್ಟೋ ದಶಕಗಳಾಗಿದ್ದವು. ಹಾಡಲು ರೇಡಿಯೊ ಇತ್ತು, ಮಾರಲು ರೆಕಾರ್ಡ್ ಕಂಪನಿ ಇತ್ತು. ಹಳೆಯ ಕಾಲದಲ್ಲಿ ಹೇಗೆ ಹಾಡುತ್ತಿದ್ದರು ಎಂದು ಹಟ ಹಿಡಿದು ಹುಡುಕುವ ವಿದ್ವಾಂಸರಿದ್ದರು. ಲೋಹದ ತಂತಿ ಬಿಟ್ಟು ಕರುಳಿನ ತಂತಿ ಹಾಕಿದರು, ಶ್ರುತಿಯನ್ನು ಈಗಿನ 440 ಹರ್ಟ್ಸ್‌ನಿಂದ 415ಕ್ಕೆ ಇಳಿಸಿದರು, ಕಂಠದ ಅತಿಯಾದ ನಡುಕವನ್ನು ಕಳೆದರು. ಒಂದು ಹಾಡಿನ ಮೊದಲ ಭಾಗ ಮರಳಿ ಬಂದಾಗ ಗಾಯಕ ತನ್ನ ಕಡೆಯಿಂದ ಅಲಂಕಾರ ಸೇರಿಸಲೇಬೇಕು ಎಂಬ ಹಳೆಯ ನಿಯಮವನ್ನು ಮತ್ತೆ ಜಾರಿಗೆ ತಂದರು. ನಮ್ಮಲ್ಲಿ ಪಲ್ಲವಿಗೆ ಮರಳಿದಾಗಲೆಲ್ಲ ಹೊಸ ಸಂಗತಿ ಹಾಕುವುದನ್ನು ಯಾರೂ ನಿಯಮವೆಂದು ಬರೆಯಲಿಲ್ಲ. ಬರೆಯುವ ಪ್ರಮೇಯ ಬರಲಿಲ್ಲ, ಏಕೆಂದರೆ ಅದು ನಿಂತೇ ಇರಲಿಲ್ಲ.

ನಮ್ಮ ಲೆಕ್ಕ ಅವರದಕ್ಕಿಂತ ಬೇರೆಯಾಗುವುದು ಇಲ್ಲಿಂದ. ಅಲ್ಲಿ ಕಾಗದ ಉಳಿದು ಗಂಟಲು ಸತ್ತಿತ್ತು. ಇಲ್ಲಿ ಕಾಗದವೇ ಕಡಿಮೆ, ಗಂಟಲು ಬದುಕಿತ್ತು. ವಿಜಯದಾಸರಿಂದ ಹಿಡಿದು ಇಂದಿನವರೆಗೆ ಒಂದು ದಿನವೂ ತಪ್ಪದೆ ಯಾರದೋ ಮನೆಯಲ್ಲಿ, ಯಾರದೋ ಬಾಯಲ್ಲಿ ಈ ಪದಗಳು ನಡೆದುಬಂದಿವೆ. ಬೆಳಗ್ಗೆ ಬಾಗಿಲಿಗೆ ನೀರು ಹಾಕುವಾಗ ಒಂದು, ಬೀಸುವಾಗ ಒಂದು, ಏಕಾದಶಿಯ ಜಾಗರಣೆಗೆ ಹತ್ತಾರು. ಇವನ್ನು ಉಳಿಸಿದವರು ಬಹುಪಾಲು ಹೆಂಗಸರು. ಕಛೇರಿ ಮಾಡಿದವರಲ್ಲ, ತಮ್ಮನ್ನು ಗಾಯಕಿಯರು ಎಂದು ಕರೆದುಕೊಂಡವರೂ ಅಲ್ಲ.

ಕಾಗದದ ಕೆಲಸವನ್ನು ಇಲ್ಲಿ ಮಾಡಿದ್ದು ಸೊಸೈಟಿಯಲ್ಲ, ಹೆಚ್ಚುಕಡಿಮೆ ಒಬ್ಬ ಮನುಷ್ಯ. ಗೊರಬಾಳ ಹನುಮಂತರಾಯರು ಲಿಂಗಸುಗೂರಿನಲ್ಲಿ ಕೂತು, ಶ್ರೀ ವರದೇಂದ್ರ ಹರಿದಾಸ ಸಾಹಿತ್ಯ ಮಂಡಲದ ಹೆಸರಿನಲ್ಲಿ, ದಾಸರ ಕೃತಿಗಳನ್ನು ಒಂದೊಂದಾಗಿ ಪುಸ್ತಕವಾಗಿ ಹೊರತಂದರು. ಆ ಕಾಲದ ಪರಿಸ್ಥಿತಿ ನೆನೆಯಿರಿ. ನಿಜಾಮನ ಆಡಳಿತ, ಉರ್ದು ಕಚೇರಿ, ಕನ್ನಡ ಶಾಲೆಗಳೇ ಅಪರೂಪ. ಹಾಡುಗಳು ಇದ್ದದ್ದು ದೇವರ ಮನೆಯ ಗಂಟುಗಳಲ್ಲಿ, ಕೈಬರಹದ ವಹಿಗಳಲ್ಲಿ, ಮುದುಕಿಯರ ಬಾಯಲ್ಲಿ. ಇಂದು ಬೆಂಗಳೂರಿನಲ್ಲಿ ಕೂತು ಪ್ರಾಣೇಶದಾಸರ ಮೇಲೆ ಪ್ರಬಂಧ ಬರೆಯುವವರೂ ಹೈದರಾಬಾದಿನ ಭಜನಾ ಮಂಡಳಿಯವರೂ ಕೊನೆಗೆ ಬಂದು ಮುಟ್ಟುವುದು ಆ ಲಿಂಗಸುಗೂರಿನ ಪುಸ್ತಕಗಳನ್ನೇ. ಊರಿನಲ್ಲಿ ಅವರ ಹೆಸರನ್ನು ಎಷ್ಟು ಮಕ್ಕಳು ಬಲ್ಲರು ಎಂದು ಕೇಳಿನೋಡಿದರೆ ನಮ್ಮ ಲೆಕ್ಕದ ಮೊದಲ ಬಾಕಿ ತಿಳಿಯುತ್ತದೆ.

ಹನುಮಂತರಾಯರು ಅಚ್ಚು ಹಾಕಿದ್ದು ಮಾತನ್ನು, ಸ್ವರವನ್ನಲ್ಲ. ಅದು ಅವರ ಕೊರತೆ ಎನ್ನಲಾಗದು, ಸ್ವರ ಹಾಕುವುದು ಇನ್ನೊಬ್ಬರ ಕೆಲಸವಾಗಿತ್ತು, ಆ ಇನ್ನೊಬ್ಬರು ಬರಲಿಲ್ಲ. ದಾಸರ ಪದದ ಪುಸ್ತಕಗಳಲ್ಲಿ ಹಾಡಿನ ತಲೆಯ ಮೇಲೆ ರಾಗ, ತಾಳದ ಹೆಸರು ಕಾಣುತ್ತದೆ. ಒಂದೇ ಪದಕ್ಕೆ ಒಂದು ಪುಸ್ತಕದಲ್ಲಿ ಒಂದು ರಾಗ, ಇನ್ನೊಂದರಲ್ಲಿ ಇನ್ನೊಂದು. ಯಾವುದು ದಾಸರದು, ಯಾವುದು ಸಂಪಾದಕರದು, ಯಾವುದು ಹಾಡಿದ ಅಜ್ಜಿಯದು ಎಂದು ಹೇಳುವಂತಿಲ್ಲ. ಭಜನಾ ಮಂಡಳಿಯ ಹೆಂಗಸರ ಕೈಬರಹದ ಪುಸ್ತಕ ತೆರೆದರೆ ಇನ್ನೂ ಸೊಗಸು: ರಾಗದ ಬದಲು 'ಧಾಟಿ' ಎಂದಿರುತ್ತದೆ, ಮುಂದೆ ಇನ್ನೊಂದು ದೇವರನಾಮದ ಮೊದಲ ಸಾಲು. ಆ ಇನ್ನೊಂದರ ಧಾಟಿ ಯಾವುದೆಂದು ಹುಡುಕಿದರೆ ಅಲ್ಲಿ ಒಂದು ಹಳೆಯ ಸಿನಿಮಾ ಹಾಡು ಕೂತಿರುತ್ತದೆ. ಬೈಯಬೇಕಾಗಿಲ್ಲ. ಬಾಯಿಂದ ಬಾಯಿಗೆ ಬರುವ ಹಾಡು ಹಾಗೆಯೇ ಮೈ ಬದಲಿಸುತ್ತದೆ. ಮೂಲ ಧಾಟಿಯನ್ನು ಯಾರೂ ಹಿಡಿದಿಡದೆ ಅದು ಬದಲಾಯಿತು ಎಂಬುದಷ್ಟೇ ಸಂಕಟ.

ಸುಳಾದಿಯನ್ನು ನೋಡಿ. ದಾಸರು ಕಟ್ಟಿದ ರಚನೆಗಳಲ್ಲಿ ಸಂಗೀತದ ದೃಷ್ಟಿಯಿಂದ ಇದಕ್ಕಿಂತ ದೊಡ್ಡದಿಲ್ಲ. ವಿಜಯದಾಸರ ಸುಳಾದಿ ಎಂದರೆ ಹರಿದಾಸ ವಲಯದಲ್ಲಿ ಇಂದಿಗೂ ಕೈಮುಗಿಯುತ್ತಾರೆ. ಒಂದು ಸುಳಾದಿ ಧ್ರುವತಾಳದಲ್ಲಿ ನಿಧಾನಕ್ಕೆ ಶುರುವಾಗಿ, ಮಟ್ಟ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಹೀಗೆ ಒಂದೊಂದು ನುಡಿಗೆ ಒಂದೊಂದು ತಾಳ ದಾಟಿಕೊಂಡು, ಕೊನೆಗೆ ಎರಡು ಸಾಲಿನ ಜತೆಯಲ್ಲಿ ಮುಗಿಯುತ್ತದೆ. ಹಾಡುವವರಿಗೆ ತಾಳದ ಹಿಡಿತ ಬೇಕು, ಉಸಿರು ಬೇಕು, ಅರ್ಥವೂ ಗೊತ್ತಿರಬೇಕು. ಇಂಥದನ್ನು ನಾವು ಇಂದು ಏನು ಮಾಡಿದ್ದೇವೆ? ಪಾರಾಯಣಕ್ಕೆ ಇಳಿಸಿದ್ದೇವೆ. ಕಷ್ಟ ಬಂದಾಗ ಓದುವ ಸುಳಾದಿ, ಕಾಯಿಲೆಗೆ ಓದುವ ಸುಳಾದಿ ಎಂದು ಫಲಶ್ರುತಿಯ ಪಟ್ಟಿಗೆ ಸೇರಿಸಿ, ಏಳೂ ತಾಳವನ್ನು ಒಂದೇ ಓಟದಲ್ಲಿ ಓದಿ ಮುಗಿಸುತ್ತೇವೆ. ತಂಜಾವೂರಿನ ಸರಸ್ವತಿ ಮಹಲ್ ಗ್ರಂಥಾಲಯದ ಹಸ್ತಪ್ರತಿಗಳಲ್ಲಿ ಸ್ವರ ಹಾಕಿದ ಸುಳಾದಿಗಳಿವೆ. ಮೈಸೂರಿನ ವಿದ್ವಾಂಸ ರಾ. ಸತ್ಯನಾರಾಯಣರು ಸುಳಾದಿ, ಉಗಾಭೋಗಗಳ ಬಗ್ಗೆ ವರ್ಷಗಟ್ಟಲೆ ದುಡಿದರು. ಹಾಗಾಗಿ ದಾರಿಯೇ ಇಲ್ಲ ಎನ್ನುವಂತಿಲ್ಲ. ಆ ದಾರಿ ತಂಜಾವೂರು, ಮೈಸೂರುಗಳಿಂದ ಹೊರಟು ಲಿಂಗಸುಗೂರಿಗೆ ಬಂದು ಮುಟ್ಟಿಲ್ಲ ಅಷ್ಟೆ.

ಎಪ್ಪತ್ತು ವರ್ಷದಲ್ಲಿ ಜಮಾ ಬಂದದ್ದೂ ಇದೆ. 1950ರಲ್ಲೇ ಶುರುವಾಗಿದ್ದ ಧಾರವಾಡದ ಆಕಾಶವಾಣಿಯ ಜತೆಗೆ 1966ರಲ್ಲಿ ಕಲಬುರಗಿಯದೂ ಸೇರಿತು. ದಾಸರ ಪದ ಮನೆ ಬಿಟ್ಟು ಮೈಕಿಗೆ ಬಂತು. ಭೀಮಸೇನ ಜೋಶಿಯವರ ದಾಸವಾಣಿಯನ್ನು ಕೇಳದ ಕನ್ನಡದ ಮನೆ ಇರಲಿಕ್ಕಿಲ್ಲ. ಕ್ಯಾಸೆಟ್ಟಿನ ಕಾಲದಲ್ಲಿ ವಿದ್ಯಾಭೂಷಣರು ಮನೆಮಾತಾದರು. ನಮ್ಮ ಜಿಲ್ಲೆಯ ಹೆಸರನ್ನೇ ಹೆಸರಿಗಂಟಿಸಿಕೊಂಡ ರಾಯಚೂರು ಶೇಷಗಿರಿದಾಸರು ಈ ಪದಗಳನ್ನೇ ತಮ್ಮ ಗಾಯನದ ಬದುಕಾಗಿಸಿಕೊಂಡರು. ಹಾಗೆ ಮಾಡಲು ಸಾಧ್ಯ ಎಂದು ತೋರಿಸಿದ್ದೇ ಒಂದು ಸಾಧನೆ. ತಿರುಪತಿ ದೇವಸ್ಥಾನದ ದಾಸ ಸಾಹಿತ್ಯ ಪ್ರಾಜೆಕ್ಟಿನಿಂದ ಭಜನಾ ಮಂಡಳಿಗಳಿಗೆ ಒಂದು ಹುರುಪು ಬಂದದ್ದೂ ನಿಜ.

ಇದಕ್ಕೆ ಕಟ್ಟಿದ ಬೆಲೆಯನ್ನೂ ಬರೆಯಬೇಕಲ್ಲ. ವೇದಿಕೆ ತನಗೆ ಬೇಕಾದ್ದನ್ನಷ್ಟೇ ಆರಿಸಿಕೊಳ್ಳುತ್ತದೆ. ಪುರಂದರರದು, ಕನಕರದು ಬರುತ್ತದೆ, ಗೋಪಾಲದಾಸರದು ಅಪರೂಪ, ಪ್ರಾಣೇಶದಾಸರದು ಬಲು ಅಪರೂಪ, ಸುಳಾದಿ ಇಲ್ಲವೇ ಇಲ್ಲ. ದೊಡ್ಡ ಗಾಯಕರೊಬ್ಬರು ಒಂದು ಪದವನ್ನು ಒಂದು ಧಾಟಿಯಲ್ಲಿ ಹಾಡಿ ಅದು ರೇಡಿಯೊದಲ್ಲಿ ಬಂದರೆ ಆ ಪದಕ್ಕೆ ಅದೇ ಗಟ್ಟಿಯಾಗಿಬಿಡುತ್ತದೆ. ಆಮೇಲೆ ಸೊಸೆ ಕ್ಯಾಸೆಟ್ಟಿನಂತೆ ಹಾಡುತ್ತಾಳೆ, ಅತ್ತೆ ತನ್ನ ಧಾಟಿ 'ತಪ್ಪು' ಎಂದುಕೊಂಡು ಸುಮ್ಮನಾಗುತ್ತಾಳೆ. ಭೀಮಸೇನರ ತಪ್ಪು ಇದರಲ್ಲಿ ಎಳ್ಳಷ್ಟೂ ಇಲ್ಲ. ಅತ್ತೆಯ ಧಾಟಿಗೂ ಬೆಲೆಯಿದೆ ಎಂದು ಹೇಳುವವರು ಇರಲಿಲ್ಲ, ಅದೇ ತಪ್ಪು. ಹಾರ್ಮೋನಿಯಂ ಬಗ್ಗೆಯೂ ಒಂದು ಮಾತು. ಯುರೋಪಿನಲ್ಲಿ ಹುಟ್ಟಿ 19ನೇ ಶತಮಾನದಲ್ಲಿ ಈ ದೇಶಕ್ಕೆ ಬಂದ ಪೆಟ್ಟಿಗೆ ಅದು. ಜಗನ್ನಾಥದಾಸರು ಅದನ್ನು ಕಂಡವರಲ್ಲ. ಬರೋಕ್ ಗಾಯಕರು ಹಳೆಯ ವಾದ್ಯ ಹುಡುಕಿಕೊಂಡು ಹೋದ ಹಟ ನಮ್ಮಲ್ಲಿ ಹುಟ್ಟಿದರೆ ಮೊದಲು ಬದಿಗೆ ಸರಿಯಬೇಕಾದ್ದು ಹಾರ್ಮೋನಿಯಂ. ಉಳಿಯುವುದು ತಂಬೂರಿ, ಚಿಟಿಕೆ, ತಾಳ, ಕಾಲಿನ ಗೆಜ್ಜೆ. ಕೀಬೋರ್ಡು, ರಿದಂ ಪ್ಯಾಡುಗಳಿಲ್ಲದೆ ಆರಾಧನೆ ನಡೆಯದು ಎಂದುಕೊಂಡ ಇಂದಿನ ಮಂಡಳಿಗಳಿಗೆ ಇದು ರುಚಿಸಲಾರದು. ಆದರೂ ವರ್ಷಕ್ಕೆ ಒಂದು ಸಂಜೆ ಮಾಡಿ ನೋಡಬಹುದು.

ಇದೇ ಜಿಲ್ಲೆಯ ಜಂಬಲದಿನ್ನಿಯ ಸಿದ್ಧರಾಮರನ್ನು ಇಲ್ಲಿ ನೆನೆಯದಿದ್ದರೆ ಲೆಕ್ಕ ಸರಿಹೋಗದು. ಹಿಂದುಸ್ತಾನಿ ಕಲಿತು, ವಚನ ಗಾಯನದಿಂದ ಹೆಸರಾದವರು. ರಾಯಚೂರಿನ ರಂಗಮಂದಿರ ಅವರ ಹೆಸರನ್ನೇ ಹೊತ್ತಿದೆ. ಆದರೆ ವಚನದ ಕತೆ ಬೇರೆ. 12ನೇ ಶತಮಾನದ ವಚನಗಳಿಗೆ ಆ ಕಾಲದ ಧಾಟಿ ಎಂಬುದು ನಮ್ಮವರೆಗೆ ಬಂದಿಲ್ಲ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಜಂಬಲದಿನ್ನಿಯವರ ತಲೆಮಾರು ಅವುಗಳಿಗೆ ರಾಗದ ಉಡುಗೆ ತೊಡಿಸಿತು. ಅದು ಹೊಸ ಸೃಷ್ಟಿ, ದೊಡ್ಡ ಸೃಷ್ಟಿ. ಅದಕ್ಕೆ ಕಲಾವಿದನ ಕಲ್ಪನೆ ಸಾಕಿತ್ತು. ದಾಸರ ಪದಕ್ಕೆ ಕಲ್ಪನೆಗಿಂತ ಮೊದಲು ಕಿವಿ ಬೇಕು, ಬದುಕಿರುವ ಧಾಟಿಯನ್ನು ಕೂತು ಕೇಳುವ ಕಿವಿ. ವಚನಕ್ಕೆ ಮಾಡಿದ್ದನ್ನೇ ಪದಕ್ಕೂ ಮಾಡಿ, ಸಿಕ್ಕಿದ್ದಕ್ಕೆಲ್ಲ ಖಯಾಲಿನ ರಾಗ ಹಚ್ಚಿದ್ದು ಈ ಎಪ್ಪತ್ತು ವರ್ಷದ ದೊಡ್ಡ ಎಡವಟ್ಟು ಎಂಬುದು ನಮ್ಮ ಅಭಿಪ್ರಾಯ. ಒಪ್ಪದವರು ಇರಬಹುದು.

ಮಾಧ್ವರ ಮನೆಯ ಹಾಡನ್ನೇ ಇಷ್ಟು ಹೇಳಿ ಉಳಿದವನ್ನು ಬಿಟ್ಟರೆ ಪಕ್ಷಪಾತವಾದೀತು. ಹಗಲೆಲ್ಲ ನಾಟಿ ಮಾಡಿ ರಾತ್ರಿ ಏಕತಾರಿ, ದಮ್ಮಡಿ ಹಿಡಿದು ಕೂರುವ ತತ್ವಪದದ ಮೇಳಗಳಿಗೆ ಪುಸ್ತಕವೂ ಇಲ್ಲ, ಮಠದ ಬೆಂಬಲವೂ ಇಲ್ಲ. ಅಲಾಯಿ ಪದಕ್ಕೆ ಮೊಹರಮ್ಮಿನ ದಿನಗಳನ್ನು ಬಿಟ್ಟರೆ ಕೇಳುವವರಿಲ್ಲ. ಸಿಂಧನೂರಿನ ಪುನರ್ವಸತಿ ಕ್ಯಾಂಪುಗಳಲ್ಲಿ ನೆಲೆಸಿದ ಬಂಗಾಳಿಗರು ಪೂರ್ವ ಬಂಗಾಳದಿಂದ ಹೊತ್ತು ತಂದ ಕೀರ್ತನೆಯನ್ನು ಹಾಡುವಾಗ ಪಕ್ಕದ ಊರಿನ ನಾವು ಒಮ್ಮೆ ಹೋಗಿ ಕೂತವರಲ್ಲ. ಕಾಲುವೆ ನೀರು ಬಂದು ಭತ್ತ ಬೆಳೆದು ಸಿಂಧನೂರಿನ ಕೈಯಲ್ಲಿ ಹಣ ಓಡಾಡಿತು. ಆ ಹಣದಲ್ಲಿ ಕಲ್ಯಾಣ ಮಂಟಪಗಳು ಎದ್ದವು, ಸಂಗೀತ ಶಾಲೆ ಏಳಲಿಲ್ಲ.

ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು 1915ರಲ್ಲಿ ಕಣ್ಣಿಗೆ ಬಿತ್ತು. ಚಿನ್ನ ಹುಡುಕಲು ಬಂದ ಬೀಡನ್ ಎಂಬ ಗಣಿ ಎಂಜಿನಿಯರಿಗೆ ಅದು ಸಿಕ್ಕಿತು. ಎರಡು ಸಾವಿರ ವರ್ಷಕ್ಕೂ ಮೀರಿ ಆ ಅಕ್ಷರ ಯಾರ ಹಂಗೂ ಇಲ್ಲದೆ ಅಲ್ಲೇ ಕಾದಿತ್ತು. ಬಾಖ್‌ನ ಕಾಗದವೂ ಎಂಬತ್ತು ವರ್ಷ ಕಾದಿತ್ತು. ಎಂಬತ್ತೈದು ದಾಟಿದ ಅಜ್ಜಿಯ ಧಾಟಿ ಕಾಯುವುದಿಲ್ಲ. ನಮ್ಮ ಕೈಯಲ್ಲಿರುವುದು ಇನ್ನು ಹತ್ತು ವರ್ಷ, ಹೆಚ್ಚೆಂದರೆ ಹದಿನೈದು.

ಆಗಬೇಕಾದ್ದು ದೊಡ್ಡದೇನಲ್ಲ, ಕೋಟಿ ರೂಪಾಯಿಯ ಭವನ ಬೇಡ. ರಾಯಚೂರಿನಲ್ಲಿ ಈಗ ವಿಶ್ವವಿದ್ಯಾಲಯವಿದೆ, ಅದರ ಕನ್ನಡ ವಿಭಾಗಕ್ಕೆ ಇಬ್ಬರು ಸಂಶೋಧಕರು ಮತ್ತು ಸ್ವರ ಬರೆಯಬಲ್ಲ ಒಬ್ಬ ಸಂಗೀತಗಾರ ಸಿಕ್ಕರೆ ಮೂರು ತಾಲ್ಲೂಕಿನ ಮಂಡಳಿಗಳನ್ನು ಸುತ್ತಿ ಬರಬಹುದು. ಮೈಸೂರಿನ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯ ಸುಳಾದಿಗೆಂದೇ ಒಂದು ಪಾಠ ಇಡಬಹುದು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವರ್ಷದ ಬಜೆಟ್ಟಿನಲ್ಲಿ ಈ ಖರ್ಚು ಕಣ್ಣಿಗೂ ಕಾಣದಷ್ಟು ಸಣ್ಣದು. ಲಿಂಗಸುಗೂರು ತಾಲ್ಲೂಕಿನಲ್ಲೇ ಇರುವ ಹಟ್ಟಿ ಚಿನ್ನದ ಗಣಿಯವರು ಮನಸ್ಸು ಮಾಡಿದರೆ ಹನುಮಂತರಾಯರ ಹೆಸರಿನಲ್ಲಿ ಒಂದು ಧ್ವನಿ ಸಂಗ್ರಹಾಲಯ ಲಿಂಗಸುಗೂರಿನಲ್ಲೇ ನಿಂತೀತು. ಅದು ನಿಂತಮೇಲೆ, ಅಲ್ಲಿ ಕೂತು ಕೇಳಿ ಕಲಿತ ಹುಡುಗಿಯೊಬ್ಬಳು ವಿಜಯದಾಸರ ಸುಳಾದಿಯನ್ನಷ್ಟೇ ಹಾಡಿ ಜೀವನ ನಡೆಸುವ ದಿನ ಬಂದೀತು. ಹಾಗೆ ಹಾಡುವವಳಿಗೆ ಶಾಲು, ತೆಂಗಿನಕಾಯಿಯ ಜತೆ ಒಂದು ಸರಿಯಾದ ಸಂಭಾವನೆ ಕೊಡುವ ರೂಢಿಯನ್ನು ಆರಾಧನಾ ಸಮಿತಿಗಳು ಈಗಲೇ ಶುರುಮಾಡಬೇಕು. ಪೆಂಡಾಲು, ಲೈಟಿನವರಿಗೆ ಕೊಡುವಾಗ ಯಾರೂ ಚೌಕಾಸಿ ಮಾಡಿ ಕೈ ಹಿಡಿಯುವುದಿಲ್ಲ, ಹಾಡುವವರಿಗೆ ಮಾತ್ರ 'ಇದು ಸೇವೆ' ಎನ್ನುತ್ತಾರೆ.

ಸರ್ಕಾರ, ವಿಶ್ವವಿದ್ಯಾಲಯಗಳು ಏಳುವವರೆಗೆ ಓದುಗರು ಕೂರಬೇಕಿಲ್ಲ. ಕಾರ್ತಿಕ ಶುದ್ಧ ದಶಮಿಗೆ ಚೀಕಲಪರ್ವಿಯಲ್ಲಿ ವಿಜಯದಾಸರ ಆರಾಧನೆ. ಅಲ್ಲಿಗೆ ಹೋಗುವವರು, ಅಂಬಾಮಠದ ಜಾತ್ರೆಗೆ ಹೋಗುವವರು, ಮುದಗಲ್ಲಿನ ಮೊಹರಮ್ಮಿಗೆ ಹೋಗುವವರು ಅಲಂಕಾರದ ಫೋಟೊ ತೆಗೆಯುವ ಮೊಬೈಲಿನಲ್ಲೇ ಹಿರಿಯರೊಬ್ಬರ ಒಂದು ಹಾಡನ್ನು ಪೂರ್ತಿಯಾಗಿ ಧ್ವನಿಮುದ್ರಿಸಿಕೊಳ್ಳಿ. ಹಾಡಿದವರ ಹೆಸರು, ಊರು, ಯಾರಿಂದ ಕಲಿತರು, ಯಾವ ಹೊತ್ತಿನಲ್ಲಿ ಹಾಡುತ್ತಿದ್ದರು, ಇಷ್ಟನ್ನು ಅವರನ್ನೇ ಕೇಳಿ ಅದರ ಜತೆ ಬರೆದಿಡಿ. ಮನೆಯ ಅಟ್ಟದ ಮೇಲೆ ಹಾಡಿನ ವಹಿ ಇದ್ದರೆ ರದ್ದಿಗೆ ಹಾಕಬೇಡಿ.